ಐದು ಗಂಟೆಯ ದಾರಿಗೆ ನಾಲ್ಕು ದಿನ

ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹಿಂದುಮುಂದಾಗಿ ಸಿಕ್ಕಿಸಿ ಇಪ್ಪತ್ತು ದಿನಗಳಾದವು. ಅದರ ಬಿಳಿ ಬದಿಯ ಮೇಲ್ತುದಿಯಲ್ಲಿ ‘ಹಾಸನ’ ಎಂದು ಬರೆದಿದ್ದೇನೆ, ಕೆಳತುದಿಯಲ್ಲಿ ‘ಕಾಪು’. ನಡುವೆ ಒಂದು ಪೆನ್ಸಿಲ್ ಗೆರೆ, ಗೆರೆಯ ಮೇಲೆ ಅಲ್ಲಲ್ಲಿ ಸೊನ್ನೆಗಳು. ಭೂಪಟದಲ್ಲಿ ಕಡಲು ಎಡಗಡೆ ಬರಬೇಕು ಎಂದು ಮಗ ಹೇಳಿದ. ನಾನು ತಿದ್ದಲಿಲ್ಲ. ನಮ್ಮ ಕಡೆಯವರ ಮಾತಿನಲ್ಲಿ ಕಡಲು ಇರುವುದು ಕೆಳಗೆ. ‘ಘಟ್ಟದ ಕೆಳಗೆ’ ಎಂದೇ ನಾವು ಹೇಳುವುದು. ಅಲ್ಲಿಯವರು ನಮ್ಮನ್ನು ‘ಘಟ್ಟದ ಮೇಲಿನವರು’ ಎನ್ನುತ್ತಾರೆ. ರೈಲು ನಿಲ್ದಾಣದ ಹಳದಿ ಫಲಕದ ಮೂಲೆಯಲ್ಲಿ ಊರು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದಿರುತ್ತಾರಲ್ಲ, ಹಾಸನದ ಆ ಒಂಬೈನೂರು ಚಿಲ್ಲರೆ ಮೀಟರು ಇಳಿದರೆ ಕಡಲು. ಈ ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಅಷ್ಟನ್ನೂ ನಾಲ್ಕು ದಿನಗಳಲ್ಲಿ ಇಳಿಯಬೇಕೆಂದುಕೊಂಡಿದ್ದೇನೆ.

ನಾಲ್ಕು ದಿನ ಎಂದ ಕೂಡಲೇ ಕೇಳಿದವರು ಹುಬ್ಬೇರಿಸುತ್ತಾರೆ. ಶಿರಾಡಿ ಘಾಟಿಯಲ್ಲಿ ಇಳಿದರೆ ಮಂಗಳೂರು ನಾಲ್ಕು ಗಂಟೆಯ ದಾರಿ, ಅಲ್ಲಿಂದ ಕಾಪುವಿಗೆ ಇನ್ನೊಂದು ಗಂಟೆ. ಹಾಸನದಲ್ಲಿ ತಿಂಡಿ ತಿಂದು ಹೊರಟವರು ಮೀನೂಟದ ಹೊತ್ತಿಗೆ ತೀರದಲ್ಲಿರಬಹುದು. ಅಣ್ಣ ವರ್ಷಕ್ಕೊಮ್ಮೆ ಹೋಗುವುದು ಹಾಗೆಯೇ: ಶುಕ್ರವಾರ ರಾತ್ರಿ ಹೊರಟರೆ ಭಾನುವಾರ ರಾತ್ರಿ ಮನೆ. ನಾವೂ ಮೂರು ವರ್ಷದ ಹಿಂದೆ ಹಾಗೆ ಹೋಗಿದ್ದೆವು. ಘಾಟಿಯಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು, ಲಾರಿಗಳ ಸಾಲಿನ ಹಿಂದೆ ಎರಡು ಗಂಟೆ ನಿಂತೆವು. ತೀರ ತಲುಪಿದಾಗ ರಾತ್ರಿ ಹನ್ನೊಂದು. ಮೊದಲೇ ಹಣ ಕಟ್ಟಿ ಕಾಯ್ದಿರಿಸಿದ್ದ ಕೋಣೆಯನ್ನು ನಾವು ತಡವಾಗಿ ಬಂದೆವೆಂದು ಬೇರೆಯವರಿಗೆ ಕೊಟ್ಟಿದ್ದರು. ಇನ್ನೊಂದು ಕಡೆ ಸಿಕ್ಕಿದ ಕೋಣೆಯಲ್ಲಿ ಮಲಗಿದಾಗ ಕಿಟಕಿಯಾಚೆ ಅಲೆಯ ಸದ್ದು ಕೇಳುತ್ತಿತ್ತು. ಅಮ್ಮ ಕಣ್ಣು ಮುಚ್ಚಿಯೇ ಕೇಳಿದರು: “ಇದು ಇನ್ನೂ ಲಾರಿಗಳ ಸದ್ದೇನೇ?”

ಆ ಪ್ರಶ್ನೆ ನನ್ನೊಳಗೆ ಉಳಿದುಬಿಟ್ಟಿತು. ಅಮ್ಮನಿಗೆ ಎಪ್ಪತ್ತೊಂದು. ಕಡಲು ನೋಡಿದ್ದು ಎರಡೇ ಸಲ. ಎರಡು ಸಲವೂ ಘಟ್ಟವನ್ನು ಅವರು ನೋಡಲೇ ಇಲ್ಲ. ತಿರುವು ಶುರುವಾದರೆ ಅವರಿಗೆ ವಾಕರಿಕೆ. ಕಣ್ಣು ಮುಚ್ಚಿ, ಮೂಗಿಗೆ ನಿಂಬೆಹಣ್ಣು ಹಿಡಿದು, ಸೀರೆಯ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂತುಬಿಡುತ್ತಾರೆ. ಹಾಸನದಲ್ಲಿ ಮುಚ್ಚಿದ ಕಣ್ಣನ್ನು ತೀರದಲ್ಲಿ ತೆರೆದರೆ ಕಡಲು ಎಲ್ಲಿಂದ ಬಂತು ಎಂದು ಮನಸ್ಸಿಗೆ ತಿಳಿಯುವುದಾದರೂ ಹೇಗೆ?

ಮೊದಲು ನಿಧಾನ ಬೇಕೆನಿಸಿದ್ದು ಅಮ್ಮನ ಹೊಟ್ಟೆಯ ದೆಸೆಯಿಂದ. ಆಮೇಲೆ ಹಾಳೆಯ ಮುಂದೆ ಕೂತು ಎಲ್ಲೆಲ್ಲಿ ನಿಲ್ಲಬೇಕು ಎಂದು ಯೋಚಿಸತೊಡಗಿದಾಗ ಇನ್ನೊಂದು ವಿಷಯ ಹೊಳೆಯಿತು. ಪ್ರವಾಸ ಎಂದರೆ ನಾವು ನೋಡುವ ಜಾಗಗಳ ಪಟ್ಟಿ ಮಾಡುತ್ತೇವೆ, ಪಟ್ಟಿಯ ನಡುವಿನ ರಸ್ತೆಯನ್ನು ಬೇಗ ಕಳೆಯಬೇಕಾದ ಹೊತ್ತು ಎಂದುಕೊಳ್ಳುತ್ತೇವೆ. ಆದರೆ ಹಾಸನದಿಂದ ಕಡಲಿಗೆ ಇಳಿಯುವ ದಾರಿಯಲ್ಲಿ ನಾಡು ನಾಲ್ಕು ಸಲ ಬದಲಾಗುತ್ತದೆ. ಮಣ್ಣು, ಮನೆಯ ಮಾಡು, ತಟ್ಟೆಯ ಅನ್ನ, ಆಡುವ ಮಾತು, ಹರಿಯುವ ನೀರಿನ ದಿಕ್ಕು, ಎಲ್ಲವೂ. ಹೆಸರುವಾಸಿ ಜಾಗಗಳನ್ನು ಬಿಟ್ಟು, ಈ ಬದಲಾವಣೆ ಆಗುವ ಜಾಗಗಳಲ್ಲಿ ತಂಗಬೇಕು ಎಂದು ನಿರ್ಧರಿಸಿದೆ. ಹಾಳೆಯ ಸೊನ್ನೆಗಳು ಅವೇ.

ಹಾಗಾಗಿ ಶಿರಾಡಿಯನ್ನು ಬಿಟ್ಟು ಚಾರ್ಮಾಡಿ ಹಿಡಿಯುತ್ತಿದ್ದೇವೆ. ಹಾಸನದಿಂದ ಬೇಲೂರು, ಅಲ್ಲಿಂದ ಮೂಡಿಗೆರೆ. ಮರುದಿನ ಕೊಟ್ಟಿಗೆಹಾರದ ಮೇಲೆ ಘಾಟಿ ಇಳಿದು ಉಜಿರೆ. ಮೂರನೆಯ ದಿನ ವೇಣೂರಿನ ಮೇಲೆ ಮೂಡುಬಿದಿರೆ. ನಾಲ್ಕನೆಯ ದಿನ ಕಾರ್ಕಳ, ಬೆಳ್ಮಣ್, ಪಡುಬಿದ್ರಿ ದಾಟಿ ಕಾಪು. ಒಟ್ಟು ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ದಿನಕ್ಕೆ ಹೆಚ್ಚೆಂದರೆ ಎರಡು ಎರಡೂವರೆ ಗಂಟೆ ಗಾಡಿಯಲ್ಲಿರುತ್ತೇವೆ, ಸಂಜೆ ನಾಲ್ಕರ ನಂತರ ಗಾಡಿ ಓಡಿಸುವುದಿಲ್ಲ.

ಬೇಲೂರನ್ನು ಮೊದಲು ಪಟ್ಟಿಯಿಂದ ತೆಗೆದಿದ್ದೆ. ನಲವತ್ತು ಕಿಲೋಮೀಟರ್ ದೂರದ ಊರು, ಯಾವ ಭಾನುವಾರ ಬೇಕಾದರೂ ಹೋಗಬಹುದು ಎನ್ನುವ ಉದಾಸೀನ. ಆದರೆ ‘ಯಾವ ಭಾನುವಾರ ಬೇಕಾದರೂ’ ಎಂದುಕೊಂಡ ನಾನು ಅಲ್ಲಿಗೆ ಹೋಗಿ ಹನ್ನೊಂದು ವರ್ಷವಾಗಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟು, ಪತ್ರಿಕೆ ಮಡಿಸಿಟ್ಟು ಸುಮ್ಮನಾದೆ. ಈ ಸಲ ಮಧ್ಯಾಹ್ನದವರೆಗೆ ಅಲ್ಲೇ ಇರುತ್ತೇವೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯನ್ನು ಪೂರ್ತಿ ನೋಡುವ ಹಟ ನನಗಿಲ್ಲ. ಹೊರಗೋಡೆಯ ಮೇಲಿನ ಮದನಿಕೆಯರಲ್ಲಿ ಒಬ್ಬಳನ್ನು ಮಾತ್ರ ಅಮ್ಮನ ಜೊತೆ ಕೂತು ನೋಡಬೇಕು. ಆ ಶಿಲ್ಪಗಳಲ್ಲಿ ಕೆಲವಕ್ಕೆ ಕೆತ್ತಿದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಿಂದ ಅಪ್ಪ ಮಗ ಇಬ್ಬರೂ ಉಳಿ ಹಿಡಿದು ಬಂದು ಇಲ್ಲಿ ಕೂತಿದ್ದರು ಎನ್ನುವುದೇ ನನಗೆ ಆ ಕೆತ್ತನೆಗಿಂತ ಹತ್ತಿರದ ಸಂಗತಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗುತ್ತ ಗಟ್ಟಿಯಾಗುತ್ತದೆ. ಬಳೆಯ ಅಂಚು, ಹೂವಿನ ಎಸಳು, ಕೂದಲ ಎಳೆ ಬಿಡಿಸಿದ್ದು ಆ ಮೆತ್ತಗಿನ ಹೊತ್ತಿನಲ್ಲಿ. ಈ ಕಲ್ಲನ್ನು ಕಣ್ಣಲ್ಲಿ ತುಂಬಿಕೊಂಡು ಹೋಗಬೇಕಾದ ಕಾರಣವೊಂದಿದೆ, ಮೂರನೆಯ ದಿನಕ್ಕೆ ಅದು ಬೇಕಾಗುತ್ತದೆ.

ಬೇಲೂರು ದಾಟಿದ ಮೇಲೆ ಬಯಲು ಮುಗಿಯುತ್ತದೆ. ಆಲೂಗೆಡ್ಡೆ, ಜೋಳ, ರಾಗಿಯ ಹೊಲಗಳು ಒಂದೊಂದಾಗಿ ಹಿಂದೆ ಸರಿದು ಸಿಲ್ವರ್ ಓಕ್ ಮರಗಳೂ ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯೂ ಕಾಣಿಸುತ್ತವೆ. ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲಿನ ಕಾಲ. ತೋಟದ ಕಣದಲ್ಲಿ ಹರವಿದ ಕಾಫಿ ಹಣ್ಣಿನಿಂದ ಹುಳಿಹುಳಿಯಾದ ಒಂದು ವಾಸನೆ ಬರುತ್ತದೆ, ಅದು ಕುಡಿಯುವ ಕಾಫಿಯ ಪರಿಮಳವನ್ನು ಕಿಂಚಿತ್ತೂ ಹೋಲುವುದಿಲ್ಲ. ಮೂಡಿಗೆರೆಯ ಹತ್ತಿರ ಒಂದು ತೋಟದ ಮನೆಯಲ್ಲಿ ಮೊದಲ ರಾತ್ರಿ. ಚಿಕ್ಕಮಗಳೂರು ಜಿಲ್ಲೆಯ ತಂಗುಮನೆಗಳು ಶನಿವಾರ ಭಾನುವಾರ ತುಂಬಿರುತ್ತವೆ, ವರ್ಷದ ಕೊನೆಯ ವಾರವಂತೂ ಕೇಳುವುದೇ ಬೇಡ. ಅದಕ್ಕಾಗಿ ಮಂಗಳವಾರ ಹೊರಡುತ್ತಿದ್ದೇವೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಪಟ್ಟಿಯಲ್ಲಿಲ್ಲ. ಶೃಂಗೇರಿ, ಹೊರನಾಡು ಸೇರಿಸು ಎಂದು ಚಿಕ್ಕಮ್ಮ ಮೂರು ಸಲ ಫೋನ್ ಮಾಡಿದರು. “ಅಷ್ಟು ದೂರ ಹೋಗಿ ಅಮ್ಮನವರ ದರ್ಶನ ಮಾಡದೆ ಬರುತ್ತೀಯಾ?” ಎನ್ನುವ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಸೇರಿಸಲಿಲ್ಲ. ಇಳಿಯುವ ಗೆರೆಯಿಂದ ಪಕ್ಕಕ್ಕೆ ಸರಿದರೆ ಈ ಪ್ರಯಾಣದ ಅರ್ಥವೇ ಬೇರೆಯಾಗುತ್ತದೆ. ಅವರ ಜೊತೆ ಬೇಸಿಗೆಯಲ್ಲಿ ಹೊರನಾಡಿಗೇ ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ.

ನನ್ನ ಮನಸ್ಸು ಹೆಚ್ಚು ಕಾಯುತ್ತಿರುವುದು ಎರಡನೆಯ ದಿನಕ್ಕೆ, ಅದರಲ್ಲೂ ಕೊಟ್ಟಿಗೆಹಾರಕ್ಕೆ.

ಹಾಸನದವರು ಕುಡಿಯುವುದು ಹೇಮಾವತಿಯ ನೀರು. ಆ ಹೊಳೆ ಹುಟ್ಟುವುದು ಮೂಡಿಗೆರೆ ತಾಲೂಕಿನ ಜಾವಳಿಯಲ್ಲಿ, ಕೊಟ್ಟಿಗೆಹಾರದಿಂದ ಹೆಚ್ಚು ದೂರವಿಲ್ಲ. ಅಲ್ಲಿಂದ ಅರಬ್ಬಿ ಸಮುದ್ರ ಪಕ್ಕದಲ್ಲೇ ಇದೆ, ಹಕ್ಕಿ ಹಾರಿದರೆ ನೂರು ಕಿಲೋಮೀಟರೂ ಆಗಲಿಕ್ಕಿಲ್ಲ. ಆದರೆ ಹೇಮಾವತಿ ಆ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ತಿರುಗುತ್ತಾಳೆ. ಸಕಲೇಶಪುರ ಹಾಯ್ದು, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಬೇಲೂರಿನ ಯಗಚಿಯನ್ನೂ ಕೂಡಿಕೊಂಡು, ಕೃಷ್ಣರಾಜಸಾಗರದ ಬಳಿ ಕಾವೇರಿಗೆ ಸೇರಿ, ಇಡೀ ತಮಿಳುನಾಡನ್ನು ಅಡ್ಡ ದಾಟಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಕೊಟ್ಟಿಗೆಹಾರದಿಂದ ಸ್ವಲ್ಪ ಮುಂದೆ ಘಾಟಿಯ ನೆತ್ತಿಯ ಆಚೆ ಬದಿಗೆ ಬಿದ್ದ ಮಳೆ ಮಾತ್ರ ಹೊಳೆ ಹಳ್ಳಗಳಾಗಿ ಧುಮುಕಿ ಮೃತ್ಯುಂಜಯ ಹೊಳೆಯಂಥವುಗಳ ಮೂಲಕ ನೇತ್ರಾವತಿಗೆ ಸೇರಿ ಮಂಗಳೂರಿನಲ್ಲಿ ಕಡಲು ಕಾಣುತ್ತದೆ. ಒಂದೇ ಮೋಡ, ಒಂದೇ ಗುಡ್ಡ. ಈಚೆ ಬಿದ್ದ ಹನಿಗೆ ಎಂಟುನೂರು ಕಿಲೋಮೀಟರಿನ ದಾರಿ, ಆಚೆ ಬಿದ್ದದ್ದಕ್ಕೆ ನೂರರ ಚಿಲ್ಲರೆ.

ಇದನ್ನು ಅಮ್ಮನಿಗೆ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. “ಹಾಗಾದರೆ ನಮ್ಮ ನಲ್ಲಿಯ ನೀರು ಆ ಕಡಲಿಗೆ ಹೋಗುವುದೇ ಇಲ್ಲ?” ಎಂದರು. “ಇಲ್ಲ ಅಮ್ಮ.” “ನಾವು ಮಾತ್ರ ಹೋಗುತ್ತೇವೆ.” ಅಷ್ಟು ಹೇಳಿ ಬೀನ್ಸ್ ಬಿಡಿಸುವುದನ್ನು ಮುಂದುವರಿಸಿದರು.

ಕೊಟ್ಟಿಗೆಹಾರದ ನೀರುದೋಸೆಯ ಬಗ್ಗೆ ಈ ದಾರಿಯಲ್ಲಿ ಓಡಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಸನದ ದೋಸೆ ಎಂದರೆ ಹಿಂದಿನ ದಿನ ರುಬ್ಬಿ, ಹುಳಿ ಬರಿಸಿ, ಕಾವಲಿಯ ಮೇಲೆ ಸೌಟಿನಿಂದ ತೀಡಿದ್ದು. ನೀರುದೋಸೆಯ ಹಿಟ್ಟಿಗೆ ಹುಳಿ ಬರುವ ತನಕ ಕಾಯುವ ಕೆಲಸವಿಲ್ಲ. ನೆನೆಸಿದ ಅಕ್ಕಿಯನ್ನು ಹಾಲಿನಷ್ಟು ತೆಳ್ಳಗೆ ರುಬ್ಬಿ, ಕಾದ ಕಾವಲಿಗೆ ಅಂಚಿನಿಂದ ನಡುವಿಗೆ ಎರಚಿದ ಹಾಗೆ ಹೊಯ್ಯುತ್ತಾರೆ. ಚುಂಯ್ ಎಂದು ತೂತುಗಳು ಮೂಡಿ, ಮುಚ್ಚಳ ತೆಗೆಯುವ ಹೊತ್ತಿಗೆ ಅಂಚು ತಾನಾಗಿ ಎದ್ದಿರುತ್ತದೆ. ಮಗುಚಿ ಹಾಕುವುದಿಲ್ಲ, ಕರವಸ್ತ್ರದಂತೆ ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಇಡುತ್ತಾರೆ. ಕರಾವಳಿಯ ಅಡುಗೆ ನಮ್ಮನ್ನು ಎದುರುಗೊಳ್ಳಲು ಘಟ್ಟ ಹತ್ತಿ ಇಲ್ಲಿಯ ತನಕ ಬಂದು ನಿಂತಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಮಾತೂ ಹಾಗೆಯೇ. ಬೇಲೂರಿನಲ್ಲಿ ‘ಏನು ಬೇಕು’ ಎಂದು ಕೇಳಿದ ಹೋಟೆಲಿನವರು ಇಲ್ಲಿ ‘ಎಂತ ಬೇಕು’ ಎನ್ನುತ್ತಾರೆ. ಘಟ್ಟದ ಬುಡದಲ್ಲಿ ಅದು ತುಳುವಿನ ‘ದಾನೆ’ ಆಗುತ್ತದೆ. ಈ ಮೂರೂ ಮಾತುಗಳನ್ನು ಒಂದೇ ದಾರಿಯಲ್ಲಿ ಅಮ್ಮನ ಕಿವಿಗೆ ಕೇಳಿಸಬೇಕು.

ಘಾಟಿಯ ಲೆಕ್ಕ ಮಾತ್ರ ಗಟ್ಟಿಯಾಗಿರಬೇಕು. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿಯ ಗುಡ್ಡ ಹಲವು ಕಡೆ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. ಮಳೆಗಾಲದಲ್ಲಿ ಈ ದಾರಿಯ ಮಾತೇ ಬೇಡ ಎನ್ನುವವಳು ನಾನು. ಜಲಪಾತ ನೋಡಲು ಜುಲೈಯಲ್ಲೇ ಬರಬೇಕೆನ್ನುವವರಿದ್ದಾರೆ. ಜರಿಯುವ ಮಣ್ಣಿನ ಕೆಳಗೆ ಗಾಡಿ ನಿಲ್ಲಿಸಿ ಫೋಟೊ ತೆಗೆಯುವುದನ್ನು ಕಂಡಾಗ ನನ್ನ ಎದೆ ನಡುಗುತ್ತದೆ. ಡಿಸೆಂಬರಿನಲ್ಲಿ ರಸ್ತೆ ಒಣಗಿರುತ್ತದೆ, ಆದರೆ ಬೆಳಗ್ಗೆ ಮಂಜು. ಅದು ಕರಗುವ ತನಕ ದೋಸೆಯ ಮುಂದೆ ಕೂತಿದ್ದು ಹತ್ತು ಗಂಟೆಗೆ ಇಳಿಯಲು ಶುರು ಮಾಡುತ್ತೇವೆ.

ಇಳಿಯುವ ಬಗೆಯನ್ನು ಅಪ್ಪ ಹೇಳಿಕೊಟ್ಟಿದ್ದಾರೆ. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಹಾಸನದ ಆಲೂಗೆಡ್ಡೆ ಮೂಟೆಗಳನ್ನು ಹೇರಿಕೊಂಡು ಶಿರಾಡಿ ಇಳಿಯುತ್ತಿದ್ದರು. ಬರುವಾಗ ಹಂಚು, ಉಪ್ಪು, ಒಣಮೀನು. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುವವನು ಬ್ರೇಕು ಸುಟ್ಟುಕೊಳ್ಳುತ್ತಾನೆ, ಏರುವ ಗಾಡಿಗೆ ಮೊದಲು ದಾರಿ ಬಿಡಬೇಕು: ಕಾರು ಕಲಿತ ಹೊಸತರಲ್ಲಿ ಈ ಮೂರನ್ನು ನನ್ನಿಂದ ದಿನವೂ ಹೇಳಿಸುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಎರಡನೆಯ ಗೇರಿನಲ್ಲಿ ಇಂಜಿನ್ ಗುರುಗುಟ್ಟುತ್ತ ಗಾಡಿಯನ್ನು ಹಿಡಿದಿಟ್ಟುಕೊಳ್ಳುವ ಸದ್ದು ಕೇಳಿದಾಗಲೆಲ್ಲ ಅವರು ಪಕ್ಕದಲ್ಲಿ ಕೂತಿದ್ದಾರೆ ಅನ್ನಿಸುತ್ತದೆ. ಪ್ರತಿ ನಾಲ್ಕೈದು ತಿರುವಿಗೊಮ್ಮೆ ಅಗಲವಾದ ಜಾಗ ನೋಡಿ ನಿಲ್ಲಿಸುವುದೆಂದು ಅಮ್ಮನ ಜೊತೆ ಒಪ್ಪಂದವಾಗಿದೆ. ಹಿಂದಿನ ಸೀಟು ಬಿಟ್ಟು ಮುಂದೆ ಕೂರುತ್ತಾರೆ. ದೂರಕ್ಕೆ ಕಣ್ಣು ನೆಟ್ಟರೆ ವಾಕರಿಕೆ ಕಡಿಮೆ. ನಿಂಬೆಹಣ್ಣಿನ ಜೊತೆಗೆ ಉಪ್ಪು ಹಚ್ಚಿ ಒಣಗಿಸಿದ ಶುಂಠಿಯ ಚೂರುಗಳ ಡಬ್ಬಿ ಸಿದ್ಧವಾಗಿದೆ.

ಹಂಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆಲೂರಿನ ಹತ್ತಿರದ ನಮ್ಮ ಹಳೆಯ ಮನೆಗೆ ಹೊದಿಸಿದ್ದು ಮಂಗಳೂರು ಹಂಚು. ಮಳೆ ಸೋರಿ ಬದಲಾಯಿಸಿದ ಒಂದು ಹಂಚನ್ನು ಅಮ್ಮ ಈಗಲೂ ತುಳಸಿಕಟ್ಟೆಯ ಬಳಿ ಇಟ್ಟಿದ್ದಾರೆ. ಮಗುಚಿ ನೋಡಿದರೆ ಹಿಂಬದಿಯಲ್ಲಿ ಉಬ್ಬಕ್ಷರದ ಹೆಸರು, ಪಾಚಿ ಹಿಡಿದು ಅರ್ಧ ಮಾಸಿದೆ. ಬೆರಳಾಡಿಸಿದರೆ ‘ಮಂಗಳೂರು’ ಎನ್ನುವುದು ಮಾತ್ರ ತಿಳಿಯುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಬೆಳೆದ ಉದ್ಯಮ ಅದು. ಅದಕ್ಕೆ ಬೇಕಾದ ಜೇಡಿಮಣ್ಣು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯದು. ನಮ್ಮ ನೀರು ಅಲ್ಲಿಗೆ ಹೋಗದಿದ್ದರೂ ಆ ಹೊಳೆಗಳ ಮಣ್ಣು ಘಟ್ಟ ಹತ್ತಿ ಬಂದು ನಮ್ಮ ತಲೆಯ ಮೇಲೆ ಮಾಡಾಗಿತ್ತು. ಅದನ್ನು ಹೊತ್ತು ತಂದ ಲಾರಿಗಳಲ್ಲಿ ಒಂದು ಅಪ್ಪನದು.

ಎರಡನೆಯ ರಾತ್ರಿ ಉಜಿರೆಯಲ್ಲಿ. ಧರ್ಮಸ್ಥಳ ಅಲ್ಲಿಂದ ಒಂಬತ್ತು ಕಿಲೋಮೀಟರ್, ಅಮ್ಮನಿಗೆ ಮಂಜುನಾಥನ ದರ್ಶನವಿಲ್ಲದೆ ಮುಂದೆ ಹೋಗುವ ಮಾತೇ ಇಲ್ಲ. ಕಾರ್ತಿಕ ಮಾಸದ ಕೊನೆಯಲ್ಲಿ ಲಕ್ಷದೀಪೋತ್ಸವಕ್ಕೆ ಅಲ್ಲಿ ಜನಸಾಗರ. ಪಂಚಾಂಗ ನೋಡಿ ಅದು ಮುಗಿದ ಮೇಲಿನ ದಿನವನ್ನೇ ಹಿಡಿದಿದ್ದೇವೆ. ಇಲ್ಲಿಗೆ ಬರುವಷ್ಟರಲ್ಲಿ ಸ್ವೆಟರ್ ಚೀಲ ಸೇರಿರುತ್ತದೆ. ಬೆಳಗ್ಗೆ ಮೂಡಿಗೆರೆಯಲ್ಲಿ ಬಾಯಿಂದ ಹೊಗೆ ಬಿಟ್ಟವರು ಮಧ್ಯಾಹ್ನ ಅಡಿಕೆ ತೋಟದ ನೆರಳಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿರುತ್ತೇವೆ. ಊಟಕ್ಕೆ ಕೂತರೆ ‘ಬೆಳ್ತಿಗೆಯಾ, ಕುಚ್ಚಲಕ್ಕಿಯಾ’ ಎನ್ನುವ ಪ್ರಶ್ನೆ, ಬಿಳಿ ಅನ್ನವೋ ಕುಸುಬಲಕ್ಕಿಯ ಅನ್ನವೋ ಎಂದು. ಆ ಒಂದು ಪ್ರಶ್ನೆ ಸಾಕು, ಘಟ್ಟ ಇಳಿದಾಯಿತು ಎಂದು ತಿಳಿಯಲು.

ಮೂರನೆಯ ದಿನ ಕಲ್ಲಿನ ದಿನ. ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದಲ್ಲಿ ಚಾವುಂಡರಾಯ ನಿಲ್ಲಿಸಿದ ಬಾಹುಬಲಿಯನ್ನು ಎತ್ತಿ ಆಡಿಸಿದ ಅಜ್ಜನಂತೆ ನೋಡಿಕೊಂಡು ಬೆಳೆದವರು ನಾವು. ಘಟ್ಟದ ಕೆಳಗೆ ಅವನು ಮತ್ತೆ ಮತ್ತೆ ಎದುರಾಗುತ್ತಾನೆ: ಕಾರ್ಕಳದಲ್ಲಿ 1432ರಲ್ಲಿ, ವೇಣೂರಿನಲ್ಲಿ 1604ರಲ್ಲಿ, ಧರ್ಮಸ್ಥಳದಲ್ಲಿ ನಮ್ಮ ಕಾಲದಲ್ಲಿ. ನಾನು ನಿಲ್ಲಬೇಕೆಂದಿರುವುದು ವೇಣೂರಿನಲ್ಲಿ. ಫಲ್ಗುಣಿ ಹೊಳೆಯ ದಂಡೆ, ಚಿಕ್ಕ ಊರು, ಬೆಟ್ಟ ಹತ್ತಬೇಕಿಲ್ಲ. ಮಂಡಿನೋವಿನ ಅಮ್ಮ ಬೆಳಗೊಳದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತದೆ ಎಷ್ಟೋ ವರ್ಷವಾಯಿತು. ಇಲ್ಲಿ ನೆಲದಲ್ಲೇ ನಿಂತು ಬಾಹುಬಲಿಯ ಪಾದ ನೋಡಬಹುದು.

ಅಲ್ಲಿಂದ ಮೂಡುಬಿದಿರೆಯ ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಿದ ಈ ಬಸದಿಯ ಮುಂದೆ ನಿಂತಾಗ ಬೇಲೂರನ್ನು ನೆನೆಸಿಕೊಳ್ಳಬೇಕು, ಮೊದಲೇ ಹೇಳಿದ ಕಾರಣ ಇದೇ. ಬೇಲೂರಿನ ಗುಡಿಗೆ ಮೇಲೆ ಸಮತಟ್ಟಾದ ಮಾಡು, ಗೋಡೆಯ ತುಂಬ ನೂಲಿನಷ್ಟು ನಾಜೂಕಾದ ಕೆಲಸ. ಇಲ್ಲಿ ಮಾಡು ಇಳಿಜಾರು, ಒಂದರ ಮೇಲೊಂದು ಹಂತವಾಗಿ, ಮನೆಯ ಮಾಡಿನ ಹಾಗೆ ಮಳೆ ನೀರನ್ನು ದೂರಕ್ಕೆ ಜಾರಿಸುತ್ತದೆ. ಕಲ್ಲು ಕಣಶಿಲೆ, ನಾಜೂಕಿನ ಕೆಲಸವೆಲ್ಲ ಮಾಡಿನ ಕೆಳಗೆ, ಒಳಗಿನ ಕಂಬಗಳ ಮೇಲೆ, ಒಂದು ಕಂಬದ ಹಾಗೆ ಇನ್ನೊಂದಿಲ್ಲ. ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ದೇವರಿಗೂ ಕೊಡೆ ಬೇಕು ಎಂದು ಇಲ್ಲಿಯ ಕೆಲಸಗಾರರು ಬಲ್ಲವರಾಗಿದ್ದರು. ಬೇಲೂರು ನೋಡಿ ಎರಡೇ ದಿನಕ್ಕೆ ಇದನ್ನು ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ತಾನಾಗಿ ಬೀಳುತ್ತದೆ. ಐದು ವರ್ಷದ ಅಂತರದಲ್ಲಿ ನೋಡಿದ್ದ ನನಗೆ ಎರಡೂ ಬರೇ ಹಳೆಯ ಗುಡಿಗಳಾಗಿದ್ದವು.

ಮೂಡುಬಿದಿರೆಯಿಂದ ಮುಂದೆ ಮುರಕಲ್ಲಿನ ಸೀಮೆ. ಹೊಸ ಮನೆಯ ಪಾಯದಲ್ಲಿ, ಬಾವಿಯ ಗೋಡೆಯಲ್ಲಿ, ರಸ್ತೆ ಕಡಿದ ದರೆಯಲ್ಲಿ ಅದೇ ಕೆಂಪು, ಜೇನುಗೂಡಿನಂತೆ ತೂತು ತೂತು. ಕಾರ್ಕಳದಲ್ಲಿ ಊಟ ಮುಗಿಸಿ ಹೊರಟರೆ ಪಡುಬಿದ್ರಿಯಲ್ಲಿ ಹೆದ್ದಾರಿ ಸಿಗುತ್ತದೆ. 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಪಡೆದ ಕಡಲತೀರ ಅಲ್ಲಿದೆ, ಹೊನ್ನಾವರದ ಕಾಸರಕೋಡಿನ ಜೊತೆಗೆ. ಚೊಕ್ಕಟವಾಗಿರುತ್ತದೆ, ಮಕ್ಕಳಿದ್ದವರಿಗೆ ಒಳ್ಳೆಯದು. ನಾವು ನಿಲ್ಲುವುದಿಲ್ಲ. ಅಮ್ಮ ಕಡಲನ್ನು ಮೊದಲು ನೋಡಬೇಕಾದದ್ದು ಕಾಪುವಿನಲ್ಲಿ ಎಂದು ನಾನು ಹಟ ಹಿಡಿದಿದ್ದೇನೆ.

ಅಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಸಂಜೆ ಸ್ವಲ್ಪ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಒಳಗಿನ ಮೆಟ್ಟಿಲು ಸುರುಳಿಯಾಗಿ ಏರುತ್ತದೆ, ಕೊನೆಗೆ ಇಕ್ಕಟ್ಟು, ಅಮ್ಮನಿಂದ ಆಗುವುದಿಲ್ಲ. ಅವರು ಕೆಳಗೆ ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಕೂರಲಿ ಎಂದು ಮಡಚುವ ಕುರ್ಚಿಯೊಂದನ್ನು ಗಾಡಿಗೆ ಹಾಕಿದ್ದೇನೆ. ಮೂರು ಗಂಟೆಯೊಳಗೆ ತಲುಪಿದರೆ ಬೆಳಕು ಆರುವ ತನಕ ಮೂರು ಗಂಟೆ ಕಡಲು ಅವರದು. ಇಡೀ ಪ್ರವಾಸದ ವೇಳಾಪಟ್ಟಿಯಲ್ಲಿ ನಾನು ಕಟ್ಟುನಿಟ್ಟಾಗಿ ಬರೆದ ಗಂಟೆ ಇದೊಂದೇ.

ಕಾಪುವಿನಲ್ಲಿ ಎರಡು ರಾತ್ರಿ. ಮಲ್ಪೆಗೆ ಹೋಗಿ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳನ್ನು ನೋಡುವ ಆಸೆ ಮಗನಿಗೆ. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದ ಲಾವಾರಸ ತಣ್ಣಗಾಗುತ್ತ ಬಿರಿದು ಆರು ಮೂಲೆಯ ಕಂಬಗಳಾದದ್ದು ಎಂದು ಶಾಲೆಯಲ್ಲಿ ಕೇಳಿ ಬಂದಿದ್ದಾನೆ. ಅವನು ಮತ್ತು ನಮ್ಮ ಮನೆಯವರು ಹೋಗಿಬರಲಿ. ನಾನು ಅಮ್ಮನ ಜೊತೆ ಬೆಳಗ್ಗೆ ತೀರದಲ್ಲಿ ಕೈರಂಪಣಿ ಬಲೆ ಎಳೆಯುವುದು ಕಾಣಿಸುತ್ತದೆಯೇ ನೋಡುತ್ತೇನೆ. ಕಾಲೇಜಿನ ದಿನಗಳಲ್ಲಿ ಒಮ್ಮೆ ನೋಡಿದ್ದೆ. ದೂರದಲ್ಲಿ ಅರ್ಧಚಂದ್ರಾಕಾರಕ್ಕೆ ಬಿಟ್ಟ ಬಲೆಯ ಎರಡು ತುದಿಗಳನ್ನು ಎರಡು ಗುಂಪು ಹಿಡಿದಿತ್ತು. ಎಳೆದ ಹಗ್ಗ ಮರಳಿನ ಮೇಲೆ ಸುರುಳಿ ಸುತ್ತುತ್ತ ಹೋಯಿತು, ಎರಡು ಗುಂಪುಗಳೂ ಹೆಜ್ಜೆ ಹೆಜ್ಜೆಗೆ ಹತ್ತಿರವಾದವು. ಕೊನೆಯ ಹತ್ತು ಮಾರು ಉಳಿದಾಗ ನೀರು ಕುದಿಯುವಂತೆ ಕಂಡಿತು. ಬೂತಾಯಿ ಮೀನಿನ ರಾಶಿ. ಪಕ್ಕದಲ್ಲಿ ನಿಂತಿದ್ದ ನನ್ನ ಕೈಗೂ ಯಾರೋ ಹಗ್ಗದ ಒಂದು ಮೊಳ ಕೊಟ್ಟಿದ್ದರು. ಅಂಗೈಯಲ್ಲಿ ಅದರ ಒದ್ದೆ, ಒರಟು, ಎಳೆತ ಈಗಲೂ ಇದೆ.

ಇಷ್ಟೆಲ್ಲ ಬರೆದು ಮುಗಿಸಿದ ಮೇಲೆ ಹಾಳೆಯ ಬಲಗಡೆ ಖಾಲಿ ಉಳಿದಿತ್ತು. ಮರಳುವ ದಾರಿ. ಶಿರಾಡಿಯಲ್ಲಿ ಹತ್ತಿ ಒಂದೇ ದಿನದಲ್ಲಿ ಮನೆ ಸೇರುವುದೆಂದು ಒಂದು ಬಾಣದ ಗುರುತು ಮಾತ್ರ ಹಾಕಿದ್ದೆ.

ಮೊನ್ನೆ ರಾತ್ರಿ ಊಟವಾದ ಮೇಲೆ ಅಮ್ಮ ಹಾಳೆಯನ್ನು ಮೊಳೆಯಿಂದ ಬಿಡಿಸಿ ಮೇಜಿನ ಮೇಲೆ ಹರವಿಕೊಂಡರು. “ಪೆನ್ಸಿಲ್ ಕೊಡು ಪುಟ್ಟಿ” ಎಂದರು. ನಾನು ಕೊಟ್ಟೆ. ಅವರು ಕೆಳಗಿನಿಂದ ಮೇಲಕ್ಕೆ, ತಡೆಯದೆ, ಒಂದೊಂದೇ ಹೆಸರು ಬರೆಯುತ್ತ ಹೋದರು. ಬಂಟ್ವಾಳ. ಕಲ್ಲಡ್ಕ. ಮಾಣಿ. ಉಪ್ಪಿನಂಗಡಿ. ನೆಲ್ಯಾಡಿ. ಶಿರಾಡಿ. ಗುಂಡ್ಯ. ಮಾರನಹಳ್ಳಿ. ಸಕಲೇಶಪುರ. ಆಲೂರು. ಇವುಗಳಲ್ಲಿ ಬಹುಪಾಲು ಊರುಗಳನ್ನು ಅವರು ಕಣ್ಣು ತೆರೆದು ನೋಡಿದವರಲ್ಲ. ಮೂವತ್ತು ವರ್ಷ ಅಪ್ಪನ ಬಾಯಲ್ಲಿ ಕೇಳಿದವು. ನಾನು ಭೂಪಟ ತೆಗೆದು ನೋಡಿದೆ. ಕ್ರಮ ಒಂದೂ ತಪ್ಪಿರಲಿಲ್ಲ.

“ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಕೂಡುತ್ತವಂತೆ” ಎಂದರು. “ಹೌದು, ನೇತ್ರಾವತಿ, ಕುಮಾರಧಾರಾ.” “ನಿನ್ನ ಅಪ್ಪ ಅಲ್ಲಿ ಮುಖ ತೊಳೆಯುತ್ತಿದ್ದರು. ಗುಂಡ್ಯದಲ್ಲಿ ಲಾರಿ ನಿಲ್ಲಿಸಿ ಅದರ ಕೆಳಗೆ ಮಲಗುತ್ತಿದ್ದರು. ರಾತ್ರಿ ಹೊಳೆಯ ಸದ್ದು ಕೇಳುತ್ತದೆ ಎನ್ನುತ್ತಿದ್ದರು.”

ನನ್ನ ಬಾಣದ ಗುರುತನ್ನು ಅಳಿಸಿದರು. ಗುಂಡ್ಯದ ಸುತ್ತ ಒಂದು ಸೊನ್ನೆ ಸುತ್ತಿದರು, ಅದರ ಮೇಲೆ ಇನ್ನೊಂದು ಸಲ ಪೆನ್ಸಿಲ್ ಆಡಿಸಿ ದಪ್ಪ ಮಾಡಿದರು. ನಂತರ ಹಾಳೆಯನ್ನು ಮೊದಲಿದ್ದ ಮೊಳೆಗೇ ಸಿಕ್ಕಿಸಿ, ದೀಪ ಆರಿಸಿ ಮಲಗಲು ಹೋದರು.